ನರದ ವೇಗ ಅಳೆಯುವ ಮುಂಚೆ ಕೈ ಮುಟ್ಟಿ ನೋಡಿ

ಡಿಸೆಂಬರ್ ತಿಂಗಳು, ಹಾಸನ, ಬೆಳಿಗ್ಗೆ ಒಂಬತ್ತು ಗಂಟೆ. ಸಕಲೇಶಪುರದ ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರು ನನ್ನ ಎದುರು ಕೂತು ಕೈ ಚಾಚುತ್ತಾರೆ. ಬೆರಳು ಮುಟ್ಟಿದರೆ ಹಿತ್ತಾಳೆ ಕೊಡ ಮುಟ್ಟಿದಷ್ಟು ತಣ್ಣಗೆ. ಆಗ ನಾನು ಮೆಷಿನ್ ಕಡೆ ತಿರುಗುವುದಿಲ್ಲ. ಒಂದು ಬಕೆಟ್ ಬಿಸಿನೀರು ತರಲು ಹೇಳುತ್ತೇನೆ.

ನಾನು ನರಗಳ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಯಿತು. ಡಾಕ್ಟರ್ ಚೀಟಿಯಲ್ಲಿ ಎನ್‌ಸಿವಿ ಅಥವಾ ಎನ್‌ಸಿಎಸ್ ಅಂತ ಬರೆಯುತ್ತಾರೆ, ಅಂದರೆ ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಓಡುತ್ತದೆ ಅಂತ ನೋಡುವ ಪರೀಕ್ಷೆ. ಪೇಷೆಂಟ್‌ಗಳು 'ಕರೆಂಟ್ ಟೆಸ್ಟ್' ಅನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಬಾಯಲ್ಲಿ ಹೇಳಿಕೊಡುತ್ತಾ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು ಓದಿದರೂ ಒಳ್ಳೆಯದೇ. ಭಯ ಸ್ವಲ್ಪ ಕಡಿಮೆಯಾಗುತ್ತದೆ.

ಲೆಕ್ಕ ತುಂಬಾ ಸುಲಭ. ನರಕ್ಕೆ ಒಂದು ಕಡೆ ಸಣ್ಣ ಶಾಕ್ ಕೊಡುತ್ತೇವೆ. ಅದು ಓಡಿ ಹೋಗಿ ಇನ್ನೊಂದು ಕಡೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡುತ್ತೇವೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದ ಮೇಲೆ ಇದನ್ನೇ ಮಾಡಿದ್ದು. ಅಲ್ಲಿಯವರೆಗೆ ನರದ ಸುದ್ದಿ ಅಳೆಯಲಾಗದಷ್ಟು ವೇಗದಲ್ಲಿ ಹೋಗುತ್ತದೆ ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ಅವರಿಗೆ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ನರವನ್ನು ತಣ್ಣಗೆ ಮಾಡಿದರೆ ವೇಗ ಇಳಿಯುತ್ತದೆ ಅನ್ನುವುದನ್ನೂ ಅವರು ಆಗಲೇ ಕಂಡಿದ್ದರು. ಅಷ್ಟು ಹಳೆಯ ಮಾತನ್ನು ನಾವು ಇವತ್ತಿಗೂ ಮರೆಯುತ್ತೇವೆ.

ನಾನೂ ಮರೆತಿದ್ದೆ. ಆಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವ ಒಬ್ಬ ಅಮ್ಮ ಬಂದಿದ್ದರು. ರಾತ್ರಿ ಹೊತ್ತು ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಹೋಗುತ್ತದೆ ಅಂದರು. ಜನವರಿ ಚಳಿ. ನಾನು ಸೀದಾ ಶುರು ಮಾಡಿದೆ. ಮಣಿಕಟ್ಟಿನ ನಡುವೆ ಅಂಗೈಗೆ ಹೋಗುವ ಮೀಡಿಯನ್ ನರದ ವೇಗ ಸೆಕೆಂಡಿಗೆ 43 ಮೀಟರ್ ಬಂತು. ಮೊಣಕೈ ಹಿಂದಿನಿಂದ ಕಿರುಬೆರಳ ಕಡೆ ಹೋಗುವ ಅಲ್ನಾರ್ ನರದ್ದು 44. ಎಡಗೈಯೂ ಹಾಗೇ. ಎಲ್ಲಾ ನರಗಳೂ ನಿಧಾನ ಅಂತ ಪ್ರಿಂಟ್ ತೆಗೆದು ಕೊಟ್ಟೆ. ಎಲ್ಲಾ ಕಡೆ ನರ ಹಾಳಾಗಿದೆಯಂತೆ ಅಂತ ಆ ಅಮ್ಮ ಅಳುತ್ತಾ ಹೊರಗೆ ಕೂತಿದ್ದರು. ರಿಪೋರ್ಟ್ ನೋಡಿದ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: "ಕೈ ಎಷ್ಟು ಡಿಗ್ರಿ ಇತ್ತು?" ನಾನು ನೋಡಿರಲೇ ಇಲ್ಲ.

ಮಾರನೇ ದಿನ ಮತ್ತೆ ಕರೆಸಿದೆವು. ಈ ಸಲ ಮೊದಲು ಅಳೆದೆ. 27 ಡಿಗ್ರಿ ಇತ್ತು. ಬಿಸಿನೀರಿನಲ್ಲಿ ಇಡಿಸಿ 32.5ಕ್ಕೆ ತಂದ ಮೇಲೆ ಮೀಡಿಯನ್ ವೇಗ 54, ಅಲ್ನಾರ್ 55. ಎಲ್ಲಾ ಸರಿ. ತೊಂದರೆ ಇದ್ದದ್ದು ಬಲಗೈ ಮಣಿಕಟ್ಟಿನಲ್ಲಿ ಮಾತ್ರ. ಅಲ್ಲಿ ಮೀಡಿಯನ್ ನರ ಒತ್ತಿಕೊಂಡಿತ್ತು. ಕಾರ್ಪಲ್ ಟನಲ್ ಅನ್ನುತ್ತಾರಲ್ಲ, ಅದು. ಮಣಿಕಟ್ಟಿಗೆ ಪಟ್ಟಿ ಕಟ್ಟಿದರೆ ಸುಧಾರಿಸುವ ತೊಂದರೆ. ನನ್ನ ತಪ್ಪಿನಿಂದ ಆ ಅಮ್ಮನಿಗೆ ಒಂದು ರಾತ್ರಿ ನಿದ್ದೆ ಹೋಯಿತು, ಇನ್ನೊಂದು ದಿನದ ಕೂಲಿ ಹೋಯಿತು. ಅವತ್ತಿನಿಂದ ಥರ್ಮಾಮೀಟರ್ ಇಲ್ಲದೆ ಎಲೆಕ್ಟ್ರೋಡ್ (ನರದ ಸುದ್ದಿ ಹಿಡಿಯಲು ಚರ್ಮಕ್ಕೆ ಅಂಟಿಸುವ ಬಿಲ್ಲೆ) ಮುಟ್ಟಿಲ್ಲ.

ಬಿಸಿ ಮಾಡುವುದು

ಚರ್ಮ ಒಂದು ಡಿಗ್ರಿ ತಣ್ಣಗಾದರೆ ವೇಗ ಸೆಕೆಂಡಿಗೆ 1.5ರಿಂದ 2.5 ಮೀಟರ್ ಇಳಿಯುತ್ತದೆ. ಶಾಕ್ ಕೊಟ್ಟಾಗಿನಿಂದ ಮೆಷಿನ್ ಪರದೆಯ ಮೇಲೆ ಅಲೆ ಏಳುವವರೆಗಿನ ಸಮಯಕ್ಕೆ ಲೇಟೆನ್ಸಿ ಅನ್ನುತ್ತೇವೆ. ಅದು ಡಿಗ್ರಿಗೆ 0.2 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತದೆ. ಆದ್ದರಿಂದ ಕೈ 32 ಡಿಗ್ರಿಗಿಂತ, ಕಾಲು 30 ಡಿಗ್ರಿಗಿಂತ ಕೆಳಗಿದ್ದರೆ ಶುರು ಮಾಡಬೇಡಿ. ಥರ್ಮಾಮೀಟರಿನ ಪ್ರೋಬನ್ನು ಅಂಗೈ ಹಿಂಭಾಗಕ್ಕೆ ಅಂಟಿಸಿ, ಪರೀಕ್ಷೆ ಮುಗಿಯುವವರೆಗೆ ತೆಗೆಯಬೇಡಿ. ಫ್ಯಾನಿನ ಕೆಳಗೆ ಕೈ ಮತ್ತೆ ತಣ್ಣಗಾಗುತ್ತದೆ.

ಲೆಕ್ಕ ಹಾಕಿ ಅಂಕಿ ಸರಿಮಾಡಿಕೊಳ್ಳುವ ಸೂತ್ರಗಳಿವೆ. ಬೇಡ. ಆ ಸೂತ್ರಗಳು ಬಂದಿರುವುದು ಆರೋಗ್ಯವಂತರ ನರದಿಂದ. ಕಾಯಿಲೆ ಬಿದ್ದ ನರ ಹಾಗೇ ನಡೆದುಕೊಳ್ಳಬೇಕು ಅಂತೇನಿಲ್ಲ. ಹತ್ತು ಹದಿನೈದು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಡಿಸಿ, ಚೆನ್ನಾಗಿ ಒರೆಸಿ, ಟವೆಲ್ ಸುತ್ತಿ. ಒಂದು ಮಾತು ಮಾತ್ರ ಮರೆಯಬೇಡಿ. ನಮ್ಮ ಹತ್ತಿರ ಬರುವವರಲ್ಲಿ ಜಾಸ್ತಿ ಜನಕ್ಕೆ ಸ್ಪರ್ಶವೇ ಇರುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೀರು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ನೀರಿನಲ್ಲಿ ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ಮಗುವಿಗೆ ಸ್ನಾನ ಮಾಡಿಸುವಾಗ ನೋಡುತ್ತೇವಲ್ಲ, ಹಾಗೆ.

ಥರ್ಮಾಮೀಟರ್ ಕೆಟ್ಟಿದ್ದರೆ ಒಂದು ಸುಳಿವು ಇದೆ. ತಣ್ಣಗಿರುವ ಕೈಯಲ್ಲಿ ಸ್ಪರ್ಶದ ನರದ ಅಲೆ ತಡವಾಗಿ ಬರುತ್ತದೆ, ಆದರೆ ಎತ್ತರವಾಗಿ, ಅಗಲವಾಗಿ ಬರುತ್ತದೆ. ಕಾಯಿಲೆಯ ನರದಲ್ಲಿ ಸಾಮಾನ್ಯವಾಗಿ ಅಲೆ ಕುಗ್ಗಿರುತ್ತದೆ. ತಡವೂ ಆಗಿದೆ, ಎತ್ತರವೂ ಇದೆ ಅಂದರೆ ಮೊದಲು ಕೈ ಮುಟ್ಟಿ ನೋಡಿ.

ಕೂರಿಸುವುದು, ಕೇಳುವುದು

ಉಂಗುರ, ವಾಚು, ಲೋಹದ ಬಳೆ ತೆಗೆಸಿ. ಗಾಜಿನ ಬಳೆ ತೆಗೆಯಲು ಎಷ್ಟೋ ಹೆಂಗಸರಿಗೆ ಮನಸ್ಸು ಬರುವುದಿಲ್ಲ. ಒತ್ತಾಯ ಮಾಡಬೇಡಿ. ಮೇಲಕ್ಕೆ ಸರಿಸಿ ಬ್ಯಾಂಡೇಜ್ ಬಟ್ಟೆ ಸುತ್ತಿ, ಸಾಕು. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿರುತ್ತಾರೆ. ಸ್ಪಿರಿಟ್ ಹತ್ತಿಯಿಂದ ಎರಡು ಸಲ ಉಜ್ಜಿ. ಎಣ್ಣೆ ಉಳಿದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ, ಪರದೆ ತುಂಬಾ ಗಲೀಜು ಗೆರೆ ಬರುತ್ತದೆ.

"ಎದೆಯಲ್ಲಿ ಬ್ಯಾಟರಿ ಹಾಕಿಸಿದ್ದೀರಾ?" ಅಂತ ಕೇಳಿ. ಪೇಸ್‌ಮೇಕರ್ ಅಂದರೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಇದ್ದರೆ ಡಾಕ್ಟರಿಗೆ ತಿಳಿಸದೆ ಮುಂದುವರಿಯಬೇಡಿ, ಆ ಕಡೆಯ ಕುತ್ತಿಗೆ, ಭುಜದ ಹತ್ತಿರ ಶಾಕ್ ಕೊಡಬೇಡಿ. ಐಸಿಯುನಲ್ಲಿ ಹೃದಯದ ತಂತಿ ಹೊರಗೆ ಬಂದಿರುವವರಿಗೆ ಈ ಪರೀಕ್ಷೆ ಮಾಡುವಂತೆಯೇ ಇಲ್ಲ.

ಮೊದಲ ಶಾಕ್ ತೀರಾ ಸಣ್ಣದಿರಲಿ. "ಚುಟ್ ಅನ್ನುತ್ತೆ ಅಮ್ಮ, ರಬ್ಬರ್ ಬ್ಯಾಂಡ್ ತಾಗಿದ ಹಾಗೆ. ಬೆರಳು ತಾನಾಗೇ ಕುಣಿಯುತ್ತೆ, ಹೆದರಬೇಡಿ" ಅಂತ ಹೇಳಿ ಕೊಡಿ. ಹೆದರಿ ಬಿಗಿಹಿಡಿದ ಕೈಯಲ್ಲಿ ಒಳ್ಳೆಯ ಅಲೆ ಸಿಗುವುದಿಲ್ಲ.

ಮೀಡಿಯನ್ ನರ, ನಿಧಾನವಾಗಿ

ಇದನ್ನು ಸರಿಯಾಗಿ ಕಲಿತರೆ ಉಳಿದ ನರಗಳು ಅರ್ಧ ಬಂದ ಹಾಗೆ. ಅಂಗೈ ಮೇಲೆ ಮಾಡಿಸಿ, ಹೆಬ್ಬೆರಳನ್ನು ಸೂರಿನ ಕಡೆ ಎತ್ತಲು ಹೇಳಿ. ಹೆಬ್ಬೆರಳ ಬುಡದಲ್ಲಿ ಸ್ನಾಯುವಿನ ಒಂದು ಉಬ್ಬು ಏಳುತ್ತದೆ. ಆ ಉಬ್ಬಿನ ನಡು ಭಾಗಕ್ಕೆ ಮೊದಲ ಎಲೆಕ್ಟ್ರೋಡ್. ಎರಡನೆಯದು ಹೆಬ್ಬೆರಳ ಕೀಲಿನ ಮೇಲೆ. ಗ್ರೌಂಡ್ ಪಟ್ಟಿ ಅಂಗೈ ಹಿಂದೆ.

ಮೊದಲ ಎಲೆಕ್ಟ್ರೋಡಿನಿಂದ ಮಣಿಕಟ್ಟಿನ ಕಡೆ 8 ಸೆಂಟಿಮೀಟರ್ ಅಳೆದು ಪೆನ್ನಿನಲ್ಲಿ ಗುರುತು ಹಾಕಿ. ಕೆಲವು ಲ್ಯಾಬುಗಳಲ್ಲಿ 7 ಇಟ್ಟುಕೊಳ್ಳುತ್ತಾರೆ. ಯಾವುದಾದರೂ ಸರಿ, ಎಲ್ಲರಿಗೂ ಒಂದೇ ಇರಲಿ. ಮಣಿಕಟ್ಟಿನ ನಡುವೆ ಎರಡು ಸ್ನಾಯುರಜ್ಜು ಕೈಗೆ ಸಿಗುತ್ತವೆ, ಅವುಗಳ ಸಂದಿಯಲ್ಲಿ ಸ್ಟಿಮ್ಯುಲೇಟರ್, ಅಂದರೆ ಶಾಕ್ ಕೊಡುವ ಎರಡು ಕಡ್ಡಿಯ ಸಾಧನ, ಇಡಿ. ಅದರ ಕ್ಯಾಥೋಡ್ (ಮೈನಸ್) ಕಡ್ಡಿ, ಸಾಮಾನ್ಯವಾಗಿ ಕಪ್ಪು, ಅಂಗೈ ಕಡೆ ಇರಬೇಕು. ಉಲ್ಟಾ ಹಿಡಿದರೆ ನರ ಎರಡೂವರೆ ಮೂರು ಸೆಂಟಿಮೀಟರ್ ಹಿಂದಿನಿಂದ ಓಡಲು ಶುರು ಮಾಡುತ್ತದೆ. ಲೇಟೆನ್ಸಿ ಅರ್ಧ ಮಿಲಿಸೆಕೆಂಡ್ ಸುಮ್ನೆ ಜಾಸ್ತಿ ಬರುತ್ತದೆ, ಇಲ್ಲದ ಕಾರ್ಪಲ್ ಟನಲ್ ಹುಟ್ಟಿಕೊಳ್ಳುತ್ತದೆ.

10 ಮಿಲಿಆಂಪಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಅಲೆ ದೊಡ್ಡದಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಕರೆಂಟ್ ಏರಿಸಿದರೂ ಅಲೆ ಬೆಳೆಯುವುದಿಲ್ಲ. ಅದರ ಮೇಲೆ ಇನ್ನೊಂದು ಶೇಕಡಾ 20 ಏರಿಸಿ, ಆಗ ಬಂದದ್ದೇ ನಿಮ್ಮ ಅಲೆ. ನರದೊಳಗಿನ ಎಲ್ಲಾ ಎಳೆಗಳೂ ಎದ್ದಿವೆ ಅಂತ ಖಾತ್ರಿಯಾಗುವುದು ಹೀಗೆ. ಬೇಗ ಮುಗಿಸಲು ಮೊದಲಿಗೇ ಜೋರಾಗಿ ಕೊಟ್ಟರೆ ಕರೆಂಟು ಪಕ್ಕದ ಅಲ್ನಾರ್ ನರಕ್ಕೂ ಹರಿಯುತ್ತದೆ. ಪೇಷೆಂಟಿಗೂ ನೋವು, ಅಂಕಿಯೂ ಸುಳ್ಳು.

ಅಲೆ ಗೆರೆಯಿಂದ ಸೀದಾ ಮೇಲಕ್ಕೆ ಏಳಬೇಕು. ಮೊದಲು ಒಂದು ಗುಳಿ ಬಿದ್ದು ಆಮೇಲೆ ಎದ್ದರೆ ಎಲೆಕ್ಟ್ರೋಡ್ ಸರಿಯಾದ ಜಾಗದಲ್ಲಿಲ್ಲ. ಸ್ವಲ್ಪ ಸರಿಸಿ ನೋಡಿ. ಮಣಿಕಟ್ಟಿನಲ್ಲಿ ಗುಳಿ ಇಲ್ಲ, ಮೊಣಕೈಯಲ್ಲಿ ಮಾತ್ರ ಇದೆ ಅಂದರೆ ಬೇರೆ ಕಥೆ. ಕೆಲವರಿಗೆ ಹುಟ್ಟಿನಿಂದಲೇ ಮುಂಗೈಯಲ್ಲಿ ಮೀಡಿಯನ್‌ನಿಂದ ಅಲ್ನಾರ್‌ಗೆ ಎಳೆಗಳು ದಾಟಿರುತ್ತವೆ. ಇದಕ್ಕೆ ಮಾರ್ಟಿನ್-ಗ್ರೂಬರ್ ಜೋಡಣೆ ಅಂತ ಹೆಸರು. ಅದು ಕಾಯಿಲೆಯಲ್ಲ. ಆದರೆ ಗೊತ್ತಿಲ್ಲದಿದ್ದರೆ ವೇಗ ಎಪ್ಪತ್ತು ಎಂಬತ್ತು ಅಂತ ಬಂದು ತಲೆ ಕೆಡಿಸುತ್ತದೆ.

ಈಗ ಮೊಣಕೈ. ಮಡಿಕೆಯಲ್ಲಿ ನಾಡಿ ಹುಡುಕಿ, ಅದರ ಒಳಪಕ್ಕಕ್ಕೆ ಸ್ಟಿಮ್ಯುಲೇಟರ್ ಇಡಿ. ಮತ್ತೆ ಅದೇ ಕ್ರಮದಲ್ಲಿ ಏರಿಸಿ. ಬಂದ ಅಲೆ ಮಣಿಕಟ್ಟಿನ ಅಲೆಯ ಹಾಗೇ ಕಾಣಬೇಕು, ಸ್ವಲ್ಪ ತಡವಾಗಿ. ತೀರಾ ಚಿಕ್ಕದಾಗಿ ಬಂದರೆ ಕಾಯಿಲೆ ಅನ್ನುವ ಮುಂಚೆ ಇನ್ನೂ ಗಟ್ಟಿಯಾಗಿ ಒತ್ತಿ ನೋಡಿ. ದಪ್ಪ ತೋಳಿನವರಲ್ಲಿ ನರ ಆಳದಲ್ಲಿರುತ್ತದೆ.

ಆಮೇಲೆ ಟೇಪು. ಕ್ಯಾಥೋಡ್ ಇಟ್ಟ ಗುರುತಿನಿಂದ ಕ್ಯಾಥೋಡ್ ಇಟ್ಟ ಗುರುತಿಗೆ ಅಳೆಯಿರಿ. ಶಾಕ್ ಕೊಟ್ಟಾಗ ಕೈ ಹೇಗಿತ್ತೋ ಹಾಗೇ ಇರಬೇಕು. 225 ಮಿಲಿಮೀಟರ್ ಬಂತು ಅನ್ನಿ. ಮಣಿಕಟ್ಟಿನ ಲೇಟೆನ್ಸಿ 3.6, ಮೊಣಕೈಯದು 7.8 ಮಿಲಿಸೆಕೆಂಡ್. ವ್ಯತ್ಯಾಸ 4.2. 225ನ್ನು 4.2ರಿಂದ ಭಾಗಿಸಿದರೆ 53.6. ಮಿಲಿಮೀಟರನ್ನು ಮಿಲಿಸೆಕೆಂಡಿನಿಂದ ಭಾಗಿಸಿದರೆ ಸೀದಾ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಸಿಗುತ್ತದೆ.

ಎರಡು ಕಡೆ ಯಾಕೆ ಶಾಕ್ ಕೊಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಮಣಿಕಟ್ಟಿನಿಂದ ಹೊರಟ ಸುದ್ದಿ ನರದ ತುದಿ ಮುಟ್ಟಿದ ಮೇಲೆ ಸ್ನಾಯುವಿಗೆ ದಾಟಲು ಸುಮಾರು ಒಂದು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದು ನರದ ಓಟವಲ್ಲ. ಎರಡು ಲೇಟೆನ್ಸಿ ಕಳೆದಾಗ ಆ ಸಮಯ ತಾನಾಗೇ ಹೊರಗೆ ಹೋಗುತ್ತದೆ, ಉಳಿಯುವುದು ಮುಂಗೈಯೊಳಗಿನ ಓಟ ಮಾತ್ರ.

ಟೇಪು ಒಂದು ಸೆಂಟಿಮೀಟರ್ ಜಾರಿದರೆ ಮೇಲಿನ ಲೆಕ್ಕದಲ್ಲಿ 53.6 ಹೋಗಿ 51.2 ಆಗುತ್ತದೆ. ಪರವಾಗಿಲ್ಲ. ಆದರೆ ದೂರ ಬರೀ 60 ಮಿಲಿಮೀಟರ್ ಇದ್ದು ಸಮಯ 1.2 ಮಿಲಿಸೆಕೆಂಡ್ ಇದ್ದರೆ, ವೇಗ 50. ಅದೇ ಒಂದು ಸೆಂಟಿಮೀಟರ್ ತಪ್ಪಿದರೆ 58! ಹಾಗಾಗಿ ಎರಡು ಗುರುತುಗಳ ನಡುವೆ ಸಾಧ್ಯವಾದಷ್ಟೂ 10 ಸೆಂಟಿಮೀಟರಿಗೆ ಕಡಿಮೆ ಇಡಬೇಡಿ.

ಸ್ಪರ್ಶದ ನರ, ಮೊಣಕೈ, ಕಾಲು

ಸ್ಪರ್ಶದ ನರಕ್ಕೆ ತೋರುಬೆರಳಿಗೆ ಎರಡು ರಿಂಗ್ ಹಾಕಿ, ನಡುವೆ 3–4 ಸೆಂಟಿಮೀಟರ್ ಬಿಡಿ. ಜೆಲ್ ಒಂದರಿಂದ ಇನ್ನೊಂದಕ್ಕೆ ಹರಿಯಬಾರದು. 14 ಸೆಂಟಿಮೀಟರ್ ಹಿಂದೆ, ಮಣಿಕಟ್ಟಿನಲ್ಲಿ ಶಾಕ್. ಇಲ್ಲಿ ಸ್ನಾಯುವಿನ ಗೊಡವೆ ಇಲ್ಲ, ಒಂದೇ ಕಡೆ ಕೊಟ್ಟರೆ ಸಾಕು. 140ಕ್ಕೆ 2.5 ಮಿಲಿಸೆಕೆಂಡ್ ಬಂದರೆ ವೇಗ 56. ಸ್ನಾಯುವಿನ ಅಲೆ ಮಿಲಿವೋಲ್ಟ್ ಲೆಕ್ಕ, ಇದು ಮೈಕ್ರೋವೋಲ್ಟ್. ಸಾವಿರ ಪಾಲು ಸಣ್ಣದು. ಟ್ಯೂಬ್‌ಲೈಟ್, ಫ್ಯಾನು, ಮಂಚದ ಪಕ್ಕ ಚಾರ್ಜಿಗೆ ಹಾಕಿದ ಮೊಬೈಲ್, ಎಲ್ಲವೂ ಇದರೊಳಗೆ ನುಗ್ಗುತ್ತವೆ. ಆರಿಸಿ. ಹತ್ತು ಹದಿನೈದು ಶಾಕ್ ಕೊಟ್ಟು ಸರಾಸರಿ ತೆಗೆಯಿರಿ.

ಕಾರ್ಪಲ್ ಟನಲ್ ಸಂಶಯವಿದ್ದರೆ ಉಂಗುರ ಬೆರಳು ತುಂಬಾ ಉಪಕಾರಿ. ಆ ಬೆರಳಿಗೆ ಮೀಡಿಯನ್, ಅಲ್ನಾರ್ ಎರಡೂ ನರ ಬರುತ್ತವೆ. ಒಂದೇ ದೂರದಿಂದ ಎರಡಕ್ಕೂ ಶಾಕ್ ಕೊಟ್ಟು ಹೋಲಿಸಿ. ಬೆರಳು ಅದೇ, ಚಳಿ ಅದೇ, ವಯಸ್ಸೂ ಅದೇ. ಮೀಡಿಯನ್ ಅರ್ಧ ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಂದೆ ಬಿದ್ದರೆ ಮಣಿಕಟ್ಟಿನಲ್ಲಿ ಒತ್ತಡವಿದೆ ಅಂತ ಅರ್ಥ. ಆ ತೋಟದ ಅಮ್ಮನಿಗೆ 0.7 ಇತ್ತು.

ಅಲ್ನಾರ್ ನರಕ್ಕೆ ಮೊಣಕೈ ಮಡಿಸಿಯೇ ಅಳೆಯಬೇಕು, 70ರಿಂದ 90 ಡಿಗ್ರಿ. ಚಾಚಿದ ಕೈಯಲ್ಲಿ ನರ ಸಡಿಲವಾಗಿ ಮಡಿಚಿಕೊಂಡಿರುತ್ತದೆ, ಟೇಪಿಗೆ ನಿಜವಾದ ಉದ್ದ ಸಿಗುವುದಿಲ್ಲ, ವೇಗ ಸುಳ್ಳೇ ಕಡಿಮೆ ಬರುತ್ತದೆ. ಮೊಣಕೈ ದಾಟುವಾಗ ವೇಗ ಮುಂಗೈಯದಕ್ಕಿಂತ ಸೆಕೆಂಡಿಗೆ 10 ಮೀಟರಿಗೂ ಜಾಸ್ತಿ ಬಿದ್ದರೆ ಅಲ್ಲಿ ತೊಂದರೆ ಇದೆ. ಶಾಕ್ ಕೊಡುವ ಮುಂಚೆ ಮೊಣಕೈ ಹಿಂದಿನ ಸಂದಿಯಲ್ಲಿ ನರವನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹುರಿ ಹಗ್ಗದ ಹಾಗೆ ದಪ್ಪವಾಗಿ ಸಿಕ್ಕರೆ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ, ಕುಷ್ಠರೋಗ ಇರಬಹುದು. ಪೇಷೆಂಟ್ ಎದುರು ಆ ಹೆಸರು ಎತ್ತಬೇಡಿ. ಡಾಕ್ಟರಿಗೆ ಹೇಳಿ. ಮಾತ್ರೆಯಿಂದ ವಾಸಿಯಾಗುವ ಕಾಯಿಲೆ ಅದು, ಬೇಗ ಸಿಕ್ಕರೆ ಕೈ ಉಳಿಯುತ್ತದೆ.

ಕಾಲಿನಲ್ಲಿ ನನಗೆ ಅತಿ ಮುಖ್ಯವಾದದ್ದು ಸೂರಲ್ ನರ, ಪಾದದ ಹೊರ ಅಂಚಿನ ಸ್ಪರ್ಶದ ನರ. ಹೊರಗಿನ ಗಿಣ್ಣಿನ ಹಿಂದೆ ಎಲೆಕ್ಟ್ರೋಡ್, 14 ಸೆಂಟಿಮೀಟರ್ ಮೇಲೆ ಮೀನಖಂಡದಲ್ಲಿ ಶಾಕ್. ಪಕ್ಕಕ್ಕೆ ಮಲಗಿಸಿದರೆ ಸುಲಭ. ಪಾದದ ಮೇಲಿನ ಸಣ್ಣ ಸ್ನಾಯು ಚಪ್ಪಲಿ ಒತ್ತಿ ಒತ್ತಿಯೇ ಸವೆದಿರುತ್ತದೆ. ಅಲ್ಲಿ ಅಲೆ ಸಿಗಲಿಲ್ಲ ಅಂದ ಮಾತ್ರಕ್ಕೆ ನರ ಹೋಗಿದೆ ಅನ್ನಬೇಡಿ.

ಅಂಕಿ ಏನು ಹೇಳುತ್ತದೆ

ದೊಡ್ಡವರಲ್ಲಿ ಕೈ ನರ 50ಕ್ಕಿಂತ ಮೇಲೆ, ಕಾಲಿನ ನರ 40ಕ್ಕಿಂತ ಮೇಲೆ ಇರಬೇಕು. ಹುಟ್ಟಿದ ಮಗುವಿನಲ್ಲಿ ಇದರ ಅರ್ಧ. ಮೂರರಿಂದ ಐದು ವರ್ಷದೊಳಗೆ ದೊಡ್ಡವರ ಮಟ್ಟಕ್ಕೆ ಬರುತ್ತದೆ. ಕೂಸಿನ ರಿಪೋರ್ಟಿನಲ್ಲಿ 26 ನೋಡಿ ಗಾಬರಿಯಾಗಬೇಡಿ.

ವೇಗ ಒಂದನ್ನೇ ನೋಡುವವರು ತುಂಬಾ ಜನ. ಅದು ಸಾಲದು. ಊರಿನಿಂದ ಜಾತ್ರೆಗೆ ನೂರು ಜನ ಓಡಿದರು ಅನ್ನಿ. ವೇಗ ಹೇಳುವುದು ಎಲ್ಲರಿಗಿಂತ ಮೊದಲು ಬಂದವನು ಎಷ್ಟು ಹೊತ್ತಿಗೆ ಬಂದ ಅನ್ನುವುದನ್ನು ಮಾತ್ರ. ಎಷ್ಟು ಜನ ಬಂದರು ಅನ್ನುವುದನ್ನು ಹೇಳುವುದು ಅಲೆಯ ಎತ್ತರ. ಸಕ್ಕರೆ ಕಾಯಿಲೆಯಲ್ಲಿ, ಕುಡಿತದಲ್ಲಿ ನರದ ಎಳೆಗಳೇ ಸಾಯುತ್ತವೆ. ಎಪ್ಪತ್ತು ಜನ ದಾರಿಯಲ್ಲೇ ಬಿದ್ದರು, ಆದರೆ ಉಳಿದವರಲ್ಲಿ ಒಬ್ಬ ಹುಷಾರಿಯಾದವನು ಹೊತ್ತಿಗೆ ಸರಿಯಾಗಿ ಬಂದ. ವೇಗ ಸುಮಾರು ಸರಿಯಾಗೇ ಇರುತ್ತದೆ, ಎತ್ತರ ಬಿದ್ದಿರುತ್ತದೆ. ಸಾಮಾನ್ಯವಾಗಿ ಸೂರಲ್ ನರ ಮೊದಲು ಕುಗ್ಗುತ್ತದೆ.

ನರದ ಮೇಲಿನ ಮಯಲಿನ್ ಹೊದಿಕೆ ಹಾಳಾದರೆ ಬೇರೆ ಚಿತ್ರ. ಎಲ್ಲರೂ ಬರುತ್ತಾರೆ, ಆದರೆ ತಡವಾಗಿ, ಚದುರಿಕೊಂಡು. ವೇಗ ಕೆಳಮಿತಿಯ ಶೇಕಡಾ 70ಕ್ಕಿಂತಲೂ ಕೆಳಗಿಳಿದರೆ ಇದನ್ನೇ ಯೋಚಿಸಬೇಕು. ಮೊಣಕೈಯ ಅಲೆ ಮಣಿಕಟ್ಟಿನ ಅಲೆಯ ಅರ್ಧಕ್ಕಿಂತ ಚಿಕ್ಕದಾದರೆ ನಡುವೆ ಎಲ್ಲೋ ದಾರಿ ಕಟ್ಟಿಕೊಂಡಿದೆ. ಹುಟ್ಟಿನಿಂದ ಬರುವ ಶಾರ್ಕೋ-ಮರಿ-ಟೂತ್ ಕಾಯಿಲೆಯ ಒಂದು ಬಗೆಯಲ್ಲಿ ಎಲ್ಲಾ ನರಗಳೂ ಒಂದೇ ಸಮನೆ ನಿಧಾನ, ಕೈಯಲ್ಲಿ 38ಕ್ಕಿಂತ ಕಡಿಮೆ. ನನಗೆ 20 ಬಂದದ್ದೂ ಇದೆ. ಆ ಮನುಷ್ಯ ನಡೆದುಕೊಂಡೇ ಒಳಗೆ ಬಂದಿದ್ದರು, "ಚಪ್ಪಲಿ ಜಾರುತ್ತೆ ಮೇಡಂ" ಅನ್ನುವುದೊಂದೇ ಅವರ ದೂರು. ಅವರ ಅಣ್ಣನ ಪಾದವೂ ಹಾಗೇ ಕಮಾನಾಗಿತ್ತು.

ಗಿಯಾನ್-ಬಾರೆ ಅಂದರೆ ಕಾಲಿನಿಂದ ಶುರುವಾಗಿ ಬೇಗ ಬೇಗ ಮೇಲೇರುವ ನಿತ್ರಾಣ. ಮೊದಲ ವಾರ ವೇಗ ಪೂರ್ತಿ ಸರಿ ಇರಬಹುದು. ನರ ಬೆನ್ನುಹುರಿಯಿಂದ ಹೊರಡುವ ಜಾಗದಲ್ಲಿ ಮೊದಲು ಕೆಡುವುದು ಹೆಚ್ಚು, ನಾವು ಅಳೆಯುವುದು ಮುಂಗೈ, ಮೊಣಕಾಲ ಕೆಳಗೆ. ಅದಕ್ಕೇ ಎಫ್ ಅಲೆ ತಪ್ಪಿಸಬೇಡಿ. ಶಾಕ್ ಮೇಲಕ್ಕೆ ಬೆನ್ನುಹುರಿ ಮುಟ್ಟಿ ವಾಪಸ್ ಬರುವ ಪುಟ್ಟ ಅಲೆ ಅದು. ಕೈಯಲ್ಲಿ ಸುಮಾರು 32 ಮಿಲಿಸೆಕೆಂಡಿನೊಳಗೆ ಬರಬೇಕು. ಹತ್ತು ಸಲವಾದರೂ ಕೊಡಿ. ಒಂದೂ ಬರಲಿಲ್ಲ ಅಂದರೆ ರಿಪೋರ್ಟ್ ಟೈಪ್ ಮಾಡುವವರೆಗೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಈ ಕಾಯಿಲೆಯಲ್ಲಿ ಉಸಿರಾಟ ಕೈಕೊಡಬಹುದು.

ನಮ್ಮ ಕಡೆ ಶುಂಠಿ, ಆಲೂಗಡ್ಡೆ ಹೊಲಕ್ಕೆ ಔಷಧಿ ಹೊಡೆಯುವವರು ಜಾಸ್ತಿ. ಆರ್ಗನೋಫಾಸ್ಫೇಟ್ ವಿಷ ಮೈಗೆ ಸೇರಿದ್ದರೆ ಒಂದು ಶಾಕಿಗೆ ಒಂದರ ಹಿಂದೆ ಒಂದು ಎರಡು ಮೂರು ಅಲೆ ಏಳುತ್ತವೆ. ಮೆಷಿನ್ ಕೆಟ್ಟಿದೆ ಅಂದುಕೊಂಡು ಬಿಡಬೇಡಿ. ಕೆಲವರಿಗೆ ಗುಣವಾಗಿ ಮನೆಗೆ ಹೋದ ಎರಡು ಮೂರು ವಾರಕ್ಕೆ ಕಾಲು ಸೋಲುತ್ತದೆ. ಆಗ ಬಂದವರನ್ನು ಕೇಳಿ, ಹಿಂದಿನ ತಿಂಗಳು ಏನು ಹೊಡೆದಿರಿ, ಏನು ಕುಡಿದಿರಿ ಅಂತ. ಮೆತ್ತಗೆ ಕೇಳಿ.

ಕುಡುಗೋಲು ತಾಗಿ ನರ ಕತ್ತರಿಸಿದವರು ಮಾರನೇ ದಿನವೇ ಬಂದರೆ ಗಾಯದ ಕೆಳಗೆ ಶಾಕ್ ಕೊಟ್ಟಾಗ ಅಲೆ ಚೆನ್ನಾಗೇ ಬರುತ್ತದೆ. ಕತ್ತರಿಸಿದ ತುದಿ ಸಾಯಲು ದಿನ ಬೇಕು. ಸ್ನಾಯುವಿನ ಅಲೆ ಒಂದು ವಾರದೊಳಗೆ, ಸ್ಪರ್ಶದ ಅಲೆ ಹತ್ತು ಹನ್ನೊಂದು ದಿನಕ್ಕೆ ಹೋಗುತ್ತದೆ. ಅದಕ್ಕೆ ಮುಂಚೆ ಮಾಡಿದರೆ ಯಾವ ದಿನ ಮಾಡಿದ್ದು ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ರಿಪೋರ್ಟಿನಲ್ಲಿ ಅಂಕಿಯ ಜೊತೆ ಅಲೆಗಳ ಚಿತ್ರವೂ ಇರಲಿ. ದೂರ, ವಯಸ್ಸು, ಎತ್ತರ ಬರೆಯಿರಿ. ಕಾಯಿಲೆಯ ಹೆಸರು ಬರೆಯುವುದು ಡಾಕ್ಟರ ಕೆಲಸ. ಮೇಲಿನ ಸಾಲಿನಲ್ಲಿ ನಾನು ಬರೆಯುವುದು ಇಷ್ಟು: ಬಲಗೈ 32.8, ಎಡಗೈ 33.1, ಬಲಗಾಲು 30.6, ಎಡಗಾಲು 30.9. ಆಮೇಲೆ ಜೆಲ್ ಒರೆಸಿ, ಸುತ್ತಿದ ಬಟ್ಟೆ ಬಿಚ್ಚಿ, ಬಳೆ ಕೆಳಗೆ ಸರಿಸಿ, ಶಾಕ್ ಕೊಟ್ಟ ಕಡೆಯ ಕೆಂಪು ಗುರುತು ಸಂಜೆಯೊಳಗೆ ಹೋಗುತ್ತದೆ ಅಂತ ಹೇಳಿ ಕಳಿಸುತ್ತೇನೆ.